ಗುರುವಾರದ ಪೆಟ್ಟಿಗೆ, ಕಾಲುವೆಯಂಚಿನ ಸೊಪ್ಪು

ಮೊದಲ ಪೆಟ್ಟಿಗೆ ಬಂದದ್ದು ಒಂದು ಗುರುವಾರ ಬೆಳಿಗ್ಗೆ, ನಾನು ಕೆಲಸಕ್ಕೆ ಹೊರಡಲು ಶೂ ಹಾಕಿಕೊಳ್ಳುತ್ತಿದ್ದಾಗ. ವೇಲಚೇರಿಯ ನಮ್ಮ ಫ್ಲ್ಯಾಟಿಗೆ ಲಿಫ್ಟ್ ಇರಲಿಲ್ಲ. ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಸೊಂಟಕ್ಕೆ ಆನಿಸಿಕೊಂಡು ಎರಡು ಮಹಡಿ ಹತ್ತಿ ಬಂದು, ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದರು. ಚೆಂಗಲ್ಪಟ್ಟಿನ ಕಡೆಯ ನಾಲ್ಕೈದು ಜನ ರೈತರು ರಾಸಾಯನಿಕ ಹಾಕದೆ ಬೆಳೆದ ತರಕಾರಿ, ಹಣ್ಣುಗಳನ್ನು ತಂದು ವಾರಕ್ಕೊಮ್ಮೆ ಮನೆಮನೆಗೆ ಕೊಡುವ ಕೆಲಸ ಅವರದು. ವ್ಯಾನನ್ನೂ ತಾವೇ ಓಡಿಸುತ್ತಿದ್ದರು. ಇಂಥದ್ದೇ ಬೇಕೆಂದು ನಾವು ಹೇಳುವಂತಿಲ್ಲ. ಆ ವಾರ ಹೊಲದಲ್ಲಿ ಏನಿದೆಯೋ ಅದೇ ನಮ್ಮ ಪಾಲಿಗೆ.

ನನ್ನ ಹೆಂಡತಿ ಪೆಟ್ಟಿಗೆಯನ್ನು ಅಡುಗೆಮನೆಯ ನೆಲದ ಮೇಲಿಟ್ಟು ಒಂದೊಂದನ್ನೇ ಹೊರತೆಗೆದಳು. ಗಿಡ್ಡ ಬದನೆಕಾಯಿ, ಸೊಟ್ಟ ಹೀರೆಕಾಯಿ, ಗೋರಿಕಾಯಿ, ಒಂದು ತುಂಡು ಬಾಳೆದಿಂಡು, ಅಂಗೈಯಗಲದ ಪಪ್ಪಾಯ, ಎರಡು ಕಟ್ಟು ಹರಿವೆ ಸೊಪ್ಪು. ಸೊಪ್ಪಿನ ಎಲೆಗಳಲ್ಲಿ ತೂತು. ಒಂದು ಎಲೆಯ ಬೆನ್ನಿಗೆ ಅಂಟಿಕೊಂಡಿದ್ದ ಹಸಿರು ಹುಳವನ್ನು ಅವಳು ಬೆರಳ ತುದಿಗೆ ಹತ್ತಿಸಿಕೊಂಡು ನನಗೆ ತೋರಿಸಿದಳು.

"ನೋಡಿ, ಹುಳ ಬದುಕಿದೆ ಅಂದ್ರೆ ನಾವೂ ಧೈರ್ಯವಾಗಿ ತಿನ್ನಬಹುದು."

ಹದಿನೈದು ವರ್ಷದ ಮಗಳು ಕಾಫಿ ಲೋಟ ಹಿಡಿದು ಬಂದವಳು ಹುಳ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. "ಅಯ್ಯೋ, ಇದ ಯಾರ್ ಸಾಪ್ಪುಡುವಾ?" ಎಂದಳು. ನಾವು ಕನ್ನಡದಲ್ಲಿ ಮಾತಾಡಿದರೆ ಅವಳ ಉತ್ತರ ಯಾವಾಗಲೂ ತಮಿಳಿನಲ್ಲೇ.

"ನೀನೇ ತಿನ್ನೋದು, ಇನ್ಯಾರು?" ಎಂದು ಹೆಂಡತಿ ಹುಳವನ್ನು ಬಾಲ್ಕನಿಯ ತುಳಸಿ ಕುಂಡದ ಹತ್ತಿರ ಬಿಟ್ಟು ಬಂದಳು.

ಹಿಂದಿನ ವರ್ಷ ಅವಳ ಎದೆಯಲ್ಲೊಂದು ಗಂಟು ಕಾಣಿಸಿಕೊಂಡಿತ್ತು. ತೆಗೆದು ಪರೀಕ್ಷೆಗೆ ಕಳಿಸಿ, ದಿನಗಟ್ಟಲೆ ನಮ್ಮನ್ನು ಕಾಯಿಸಿ, ಕೊನೆಗೆ ಭಯಪಡುವಂಥದ್ದೇನೂ ಅಲ್ಲ ಎಂದರು ಡಾಕ್ಟರು. ಗಂಟು ಹೋಯಿತು, ಭಯ ಮಾತ್ರ ಮನೆಯಲ್ಲೇ ಉಳಿಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಯಾರೋ ಈ ಪೆಟ್ಟಿಗೆಯ ವಿಷಯ ಹೇಳಿದ್ದರಂತೆ. ಅವಳಿಗೆ ಮಾಡಲು ಒಂದು ಕೆಲಸ ಸಿಕ್ಕಿತು, ಸಮಾಧಾನವಾಯಿತು. ನನಗೆ ಆಗಲಿಲ್ಲ. ಗುರುವಾರ ಬಂತೆಂದರೆ ಏನೋ ಕಸಿವಿಸಿ. ಕಾರಣ ಏನೆಂದು ಆಗ ಹೇಳಲಾರದೆ ಹೋದರೂ ಒಳಗೊಳಗೇ ಗೊತ್ತಿತ್ತೆಂದು ಈಗ ಅನ್ನಿಸುತ್ತದೆ.

ನಾನು ಕ್ರೋಂಪೇಟೆಯ ಒಂದು ತೊಗಲು ಹದಮಾಡುವ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದೆ. ಮೂರು ತಲೆಮಾರಿನಿಂದ ಮದರಾಸಿನಲ್ಲಿ ನೆಲೆಸಿದ, ಏಕಾದಶಿ ಉಪವಾಸ ತಪ್ಪದ ಮನೆ ನಮ್ಮದು. ತೊಗಲಿನ ಈ ಓದಿಗೆ ನಾನು ಸೇರಿದಾಗ ಅಪ್ಪ ಒಂದು ತಿಂಗಳು ಮಾತು ಬಿಟ್ಟಿದ್ದರು. ಆಮೇಲೆ, ನಾನು ಸಂಜೆ ಸ್ನಾನ ಮಾಡಿಯೇ ಒಳಗೆ ಬರಬೇಕೆಂಬ ಷರತ್ತಿನ ಮೇಲೆ ರಾಜಿಯಾದರು. ಕ್ರೋಮಿಯಂ ಲವಣದ ನೀರಿನಲ್ಲಿ ತೊಗಲು ನೆನೆದು ತಿಳಿನೀಲಿಯಾಗುತ್ತದೆ. ಆ ನೀರು ಎಷ್ಟು ಬೇಕು, ಉಳಿದದ್ದರಲ್ಲಿ ಏನಿದೆ ಎಂದು ನೋಡುವುದೇ ಇಪ್ಪತ್ತು ವರ್ಷಗಳಿಂದ ನನ್ನ ಕೆಲಸವಾಗಿತ್ತು.

ಮದುವೆಯಾದಾಗಿನಿಂದ ನಾವು ಕ್ರೋಂಪೇಟೆಯಲ್ಲೇ ಇದ್ದೆವು. ಮಗಳು ಹುಟ್ಟಿದ್ದು, ನಡೆಯಲು ಕಲಿತದ್ದು ಅಲ್ಲೇ. ಅಲ್ಲಿನ ಸ್ಟೇಷನ್ ರಸ್ತೆಯಲ್ಲಿ ಗೋಣಿಚೀಲ ಹಾಸಿ ಸೊಪ್ಪು ಮಾರುವ ಹೆಂಗಸೊಬ್ಬಳಿದ್ದಳು. ತಾನೇ ಬೆಳೆದದ್ದು. ನಸುಕಿನಲ್ಲಿ ಕಿತ್ತು ತಂದು ಹತ್ತು ಗಂಟೆಯೊಳಗೆ ಮಾರಿ ಮುಗಿಸುತ್ತಿದ್ದಳು, ಸಂಜೆಗೆ ಇನ್ನೊಂದು ಹೊರೆ. ನಾವು ವೇಲಚೇರಿಗೆ ಮನೆ ಬದಲಿಸಿದ ಮೇಲೂ ವಾಪಸು ಬರುವಾಗ ನನ್ನ ಸ್ಕೂಟರಿನ ಕೊಕ್ಕೆಗೆ ಅವಳ ಸೊಪ್ಪಿನ ಚೀಲ ತೂಗುತ್ತಿತ್ತು. ಹೆಸರು ಕೇಳಿದವನಲ್ಲ. ಅವಳು ನನ್ನನ್ನು ಸಾರ್ ಎನ್ನುತ್ತಿದ್ದಳು, ನಾನು ಅವಳನ್ನು ಅಮ್ಮಾ ಎನ್ನುತ್ತಿದ್ದೆ.

ಎರಡನೆಯ ಪೆಟ್ಟಿಗೆ ಬಂದ ದಿನ ಹೆಂಡತಿ ಹೇಳಿದಳು: "ಇನ್ಮೇಲೆ ಆ ಸ್ಟೇಷನ್ ಕೀರೆ ಸೊಪ್ಪು ತರಬೇಡಿ. ಇದೇ ಮಿಕ್ಕಿ ಹೋಗ್ತಿದೆ."

ತರುವುದನ್ನು ಬಿಟ್ಟೆ. ಆದರೆ ಅವಳ ಮುಂದೆ ನಿಲ್ಲಿಸದೆ ಹಾದುಹೋಗುವುದು ನನ್ನಿಂದಾಗಲಿಲ್ಲ. ಹಿಂದಿನ ಓಣಿಯಿಂದ ಸುತ್ತಿ ಬಳಸಿ ಬರತೊಡಗಿದೆ. ಐವತ್ತು ಸಮೀಪಿಸಿದ ಗಂಡಸು, ಸೊಪ್ಪಿನವಳಿಗೆ ಮುಖ ತಪ್ಪಿಸಿಕೊಂಡು ಗಲ್ಲಿಗಲ್ಲಿ ತಿರುಗುವುದು! ನನಗೇ ನಾಚಿಕೆಯಾಗುತ್ತಿತ್ತು. ಹೀಗೇ ಒಂದೂವರೆ ತಿಂಗಳು ಕಳೆದಿರಬೇಕು. ಒಂದು ಸಂಜೆ ಆ ಓಣಿಯಲ್ಲಿ ನೀರಿನ ಪೈಪಿಗಾಗಿ ಅಗೆದಿದ್ದರು. ಬೇರೆ ದಾರಿಯಿಲ್ಲದೆ ಸ್ಟೇಷನ್ ರಸ್ತೆಗೆ ಬಂದೆ. ಅವಳು ದೂರದಿಂದಲೇ ನೋಡಿ ಎದ್ದು ನಿಂತಳು.

"ಸಾರ್, ವೀಟ್ಲ ಅಮ್ಮಾಕ್ಕು ಏದಾವ್ದು..." ಎಂದು ಅರ್ಧಕ್ಕೇ ನಿಲ್ಲಿಸಿದಳು. ಹೆಂಡತಿಗೆ ಆಪರೇಷನ್ ಆದ ಸಮಾಚಾರ ನಾನೇ ಹಿಂದೆ ಹೇಳಿದ್ದೆ. ಇಷ್ಟು ದಿನ ನಾನು ಕಾಣದಿದ್ದಾಗ ಮನೆಯಲ್ಲಿ ಕೆಟ್ಟದ್ದೇ ಏನೋ ಆಗಿಹೋಗಿದೆ ಎಂದುಕೊಂಡಿದ್ದಳು.

"ಇಲ್ಲಮ್ಮಾ, ಚೆನ್ನಾಗಿದ್ದಾಳೆ" ಎಂದು ತಮಿಳಿನಲ್ಲಿ ಹೇಳಿದೆ. ಅವಳು ದೇವರಿಗೆ ಕೈ ಮುಗಿದಳು. ಆಮೇಲೆ ಬೇಡವೆಂದರೂ ಕೇಳದೆ, ಬೇರು ಸಮೇತ ಕಿತ್ತ ಎರಡು ಕಟ್ಟು ಹರಿವೆಯನ್ನು ಚೀಲಕ್ಕೆ ತುರುಕಿದಳು. ಅಮ್ಮನಿಗೆ ರಕ್ತವಾಗಲಿ ಎಂದಳು.

ಆ ಸೊಪ್ಪನ್ನು ಮನೆಗೆ ಒಯ್ಯುವಂತಿಲ್ಲ, ಎಸೆಯಲು ಮನಸ್ಸಿಲ್ಲ. ಸ್ಕೂಟರ್ ತಿರುಗಿಸಿ ಮತ್ತೆ ಕಾರ್ಖಾನೆಗೆ ಹೋಗಿ ಲ್ಯಾಬಿನ ಮೇಜಿನ ಮೇಲೆ ಇಟ್ಟೆ. ಬೇರಿನ ಮಣ್ಣು ಬಿಳಿಯ ಟೈಲಿನ ಮೇಲೆ ಉದುರಿತು. ಅದನ್ನು ನೋಡುತ್ತ ಕೂತೆ. ಕಪ್ಪು ಮಣ್ಣು, ಒಣಗಿದ ಕಡೆ ಒಂದು ಬಗೆಯ ಬೂದು ಹಸಿರು ಛಾಯೆ. ಆ ಛಾಯೆಯನ್ನು ಪ್ರತಿದಿನ ನೋಡುತ್ತಿದ್ದೆ, ನಮ್ಮ ಕೆಸರಿನ ತೊಟ್ಟಿಗಳಲ್ಲಿ.

ಮರುದಿನ ಪೆಟ್ಟಿಗೆಯ ಸೊಪ್ಪಿನ ಒಂದು ಕಟ್ಟನ್ನು ಹೆಂಡತಿಗೆ ಹೇಳದೆ ಊಟದ ಡಬ್ಬಿಯ ಜೊತೆ ಒಯ್ದೆ. ಎರಡನ್ನೂ ಬೇರೆಬೇರೆಯಾಗಿ ಒಣಗಿಸಿ, ಸುಟ್ಟು ಬೂದಿ ಮಾಡಿ, ಆಮ್ಲದಲ್ಲಿ ಕರಗಿಸಿದೆ. ಕೊಳೆನೀರಿನಲ್ಲಿ ಕ್ರೋಮಿಯಂ ಹುಡುಕಲು ನಾವು ಬಳಸುವ ದ್ರಾವಣವೊಂದಿದೆ. ಲೋಹ ಇದ್ದರೆ ನೇರಳೆಗೆಂಪು ಬಣ್ಣ ಬರುತ್ತದೆ, ಹೆಚ್ಚಿದ್ದಷ್ಟೂ ಗಾಢ. ಪೆಟ್ಟಿಗೆಯ ಸೊಪ್ಪಿನ ಗಾಜಿನ ನಳಿಗೆಯಲ್ಲಿ ಬೆಳಕಿಗೆ ಹಿಡಿದರೆ ಮಾತ್ರ ಕಾಣುವಷ್ಟು ನಸುಗೆಂಪು. ಸ್ಟೇಷನ್ ಸೊಪ್ಪಿನ ಬೇರು ಮತ್ತು ಮಣ್ಣಿನ ನಳಿಗೆ ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣಕ್ಕೆ ತಿರುಗಿತು. ಬೇರು ಕತ್ತರಿಸಿ, ಮೂರು ಸಲ ತೊಳೆದು ಮಾಡಿದ ಬರೀ ಎಲೆಯದ್ದು ಇವೆರಡರ ನಡುವೆ ಎಲ್ಲೋ ನಿಂತಿತು.

ಆ ನಡುವಿನದೇ ನನ್ನನ್ನು ಕಾಡಿತು. ಎಲೆಗೆ ಏರಿದೆಯೋ, ಎಲೆಯ ಮೇಲಿನ ಧೂಳಿನದೋ? ಯಾವ ಮಣ್ಣಿನಲ್ಲಾದರೂ ಸ್ವಲ್ಪ ಕ್ರೋಮಿಯಂ ಇದ್ದೇ ಇರುತ್ತದೆ. ಅದರಲ್ಲೂ ಕೆಟ್ಟ ಜಾತಿಯದು ಬೇರೆ, ಅಷ್ಟೇನೂ ಕೆಡುಕಿಲ್ಲದ್ದು ಬೇರೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಉಪಯೋಗಕ್ಕೆ ಬರಲಿಲ್ಲ. ಪರೀಕ್ಷೆಯನ್ನು ಮೂರು ಸಲ ಮಾಡಿದೆ, ಮೂರು ಸಲವೂ ನಡುವಿನ ನಳಿಗೆ ಬೇರೆಬೇರೆ ಬಣ್ಣ ತೋರಿಸಿತು. ಮನೆಗೆ ಬಂದರೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬಾಲ್ಕನಿಗೆ ಹೋಗುವುದು, ಒಳಗೆ ಬರುವುದು, ಫ್ಯಾನು ಹೆಚ್ಚು ಮಾಡುವುದು, ಕಡಿಮೆ ಮಾಡುವುದು.

"ಏನಾಗಿದೆ ನಿಮಗೆ? ಕಾಲಿಗೆ ಚಕ್ರ ಕಟ್ಟಿಕೊಂಡ ಹಾಗೆ ಓಡಾಡ್ತಿದ್ದೀರಲ್ಲ" ಎಂದಳು ಹೆಂಡತಿ.

"ಏನೂ ಇಲ್ಲ" ಎಂದೆ.

ಭಾನುವಾರ ಬೆಳಿಗ್ಗೆ ಕ್ರೋಂಪೇಟೆಗೆ ಹೋಗಿ, ನಿನ್ನ ತೋಟ ನೋಡಬೇಕು ಎಂದು ಸೊಪ್ಪಿನವಳನ್ನು ಕೇಳಿದೆ. ಅವಳಿಗೆ ಹಿಗ್ಗೋ ಹಿಗ್ಗು. ಉಳಿದ ಕಟ್ಟುಗಳನ್ನು ಪಕ್ಕದ ಹೂವಿನವಳಿಗೆ ಒಪ್ಪಿಸಿ ಮುಂದೆ ಮುಂದೆ ನಡೆದಳು. ಎರಡು ಬೀದಿ ದಾಟಿ ಒಂದು ಗೋಡೆಯ ಪಕ್ಕ ತಿರುಗಿದಾಗ ನನ್ನ ಕಾಲು ನಿಧಾನವಾಯಿತು. ಅದು ನಮ್ಮದೇ ಕಾರ್ಖಾನೆಯ ಹಿಂದಿನ ಗೋಡೆ. ಇಷ್ಟು ವರ್ಷ ಒಳಗಿನಿಂದ ನೋಡಿದ್ದೆ, ಹೊರಗಿನಿಂದ ಎಂದೂ ನೋಡಿರಲಿಲ್ಲ.

ಗೋಡೆಯ ಪಕ್ಕ ಕಾಲುವೆ, ಕಾಲುವೆಯ ಅಂಚಿಗೆ ನಾಲ್ಕು ಹಾಸಿಗೆಯಷ್ಟಗಲದ ಸೊಪ್ಪಿನ ಮಡಿಗಳು. ಸರ್ಕಾರಿ ಜಾಗ, ಯಾರೂ ಕೇಳುವವರಿರಲಿಲ್ಲ. ಮಡಿಗಳು ಅಚ್ಚುಕಟ್ಟಾಗಿದ್ದವು. ಒಂದು ಕಳೆ ಇಲ್ಲ. ಬದುವಿನ ಮೇಲೆ ನಾಲ್ಕು ಬೆಂಡೆ ಗಿಡ, ಬೇಲಿಗೆ ಹಬ್ಬಿದ ಬಸಳೆ.

"ಇಲ್ಲಿ ಮೊದಲು ಬರೀ ಹಳ್ಳ, ಸಾರ್. ಮಳೆ ಬಂದರೆ ಸೊಂಟದವರೆಗೆ ನೀರು" ಎಂದು ಅವಳು ತಮಿಳಿನಲ್ಲಿ ವಿವರಿಸಿದಳು. "ಕಂಪನಿಯವರೇ ಲಾರಿಯಲ್ಲಿ ಮಣ್ಣು ಕೊಟ್ಟರು, ಫ್ರೀಯಾಗಿ. ನಾನು, ನನ್ನ ಗಂಡ ಸೇರಿ ಹರಡಿದೆವು. ಮೊದಲೆರಡು ವರ್ಷ ಒಂದು ಹುಲ್ಲೂ ಬರಲಿಲ್ಲ. ಸಗಣಿ ಹಾಕಿ, ಎಲೆ ಹಾಕಿ, ಬಿಡಲಿಲ್ಲ ನಾವು. ಈಗ ನೋಡಿ. ನಲ್ಲ ಮಣ್ಣು, ಸಾರ್."

ಒಳ್ಳೆಯ ಮಣ್ಣು. ನಾನು ಬದುವಿನ ಮೇಲೆ ಕೂತುಬಿಟ್ಟೆ. ಆ ಲಾರಿಗಳು ನೆನಪಾದವು. ನಾನು ಕೆಲಸಕ್ಕೆ ಸೇರಿದ ಹೊಸದು. ತೊಟ್ಟಿಯ ಕೆಸರನ್ನು ಒಣಗಿಸಿ ಹೊರಗೆ ಸಾಗಿಸಬೇಕಾಗಿತ್ತು. ಗೇಟಿನಿಂದ ಲಾರಿ ಬಿಡಲು ಲ್ಯಾಬಿನ ಸಹಿ ಬೇಕು. ಚೀಟಿಯಲ್ಲಿ 'ಒಣಗಿದ ತ್ಯಾಜ್ಯ, ತುಂಬುವುದಕ್ಕೆ' ಎಂದಷ್ಟೇ ಬರೆದಿತ್ತು. ಹಿರಿಯ ಕೆಮಿಸ್ಟ್ ರಜೆಯಲ್ಲಿದ್ದರು. ಎಲ್ಲಿ ತುಂಬುತ್ತಾರೆ ಎಂದು ಕೇಳಲು ನನಗೆ ತೋಚಲಿಲ್ಲ. ಒಂದಾದ ಮೇಲೊಂದು ಚೀಟಿಗೆ ಸಹಿ ಹಾಕಿ ಊಟಕ್ಕೆ ಹೋಗಿದ್ದೆ.

ಅವಳಿಗೆ ಅಲ್ಲೇ ಹೇಳಿದೆ. ಲವಣ, ಲೋಹ ಎಂದೆಲ್ಲ ಹೇಳಿದರೆ ಆಗುವುದಿಲ್ಲವೆಂದು, ತೊಗಲಿಗೆ ಹಾಕುವ ಮದ್ದು ಈ ಮಣ್ಣಿನಲ್ಲಿದೆ, ಈ ಸೊಪ್ಪು ತಿನ್ನುವುದು ಒಳ್ಳೆಯದಲ್ಲ ಎಂದೆ. ಆ ಮಣ್ಣನ್ನು ಕಳಿಸಿದ ಚೀಟಿಗೆ ಸಹಿ ಹಾಕಿದವನು ನಾನೇ ಎಂದೂ ಹೇಳಿದೆ.

ಅವಳು ಮಡಿಯಿಂದ ಒಂದು ಗಿಡ ಕಿತ್ತು ಬೇರಿನ ಮಣ್ಣು ಕೊಡವಿದಳು. ಆಮೇಲೆ ಕೇಳಿದಳು: "ಅದಕ್ಕೇ ನೀವು ಬರೋದು ನಿಲ್ಲಿಸಿದಿರಾ?"

"ಇಲ್ಲಮ್ಮಾ, ಆಗ ಇದು ಗೊತ್ತಿರಲಿಲ್ಲ."

"ಮೂರು ಮಕ್ಕಳನ್ನ ಇದೇ ಸೊಪ್ಪು ಹಾಕಿ ಬೆಳೆಸಿದೆ. ಒಬ್ಬ ಮಗನ ಕೈಯಿಡೀ ತುರಿ, ಹುಟ್ಟಿದಾಗಿನಿಂದ. ಅದಕ್ಕೂ ಇದೇನಾ?"

"ಗೊತ್ತಿಲ್ಲ" ಎಂದೆ.

"ಓದಿದವರು ನೀವು. ನಿಮಗೇ ಗೊತ್ತಿಲ್ಲವಾ?" ಎಂದಳು. ದನಿ ಏರಿಸಲಿಲ್ಲ. ಬಗ್ಗಿ ಕೊಡಪಾನ ಎತ್ತಿಕೊಂಡು ಬೀಜ ಹಾಕಿಟ್ಟ ಮಡಿಗೆ ನೀರು ಹನಿಸತೊಡಗಿದಳು. ನಾನು ಹೋಗಬಹುದೆಂದು ಅದರ ಅರ್ಥ.

ಮನೆಯಲ್ಲಿ ಮಧ್ಯಾಹ್ನ ಊಟಕ್ಕೆ ಪೆಟ್ಟಿಗೆಯ ಗೋರಿಕಾಯಿ ಪಲ್ಯ. ಬಡಿಸುತ್ತಿದ್ದ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಸೌಟು ಕೆಳಗಿಟ್ಟು ಕುರ್ಚಿಯಲ್ಲಿ ಕೂತಳು. ಅವಳ ಮನಸ್ಸು ಎಲ್ಲಿಗೆ ಹೋಯಿತೆಂದು ನನಗೆ ಗೊತ್ತಾಯಿತು. ಬಸುರಿಯಾಗಿದ್ದಾಗ ಒಂಬತ್ತು ತಿಂಗಳೂ ವಾಂತಿ, ಮೈಗೆ ಒಗ್ಗಿದ್ದು ಆ ಸೊಪ್ಪಿನ ಹುಳಿಯೊಂದೇ.

ಮಗಳು ತಟ್ಟೆಯಿಂದ ತಲೆಯೆತ್ತಿ ನನ್ನನ್ನೂ ಅಮ್ಮನನ್ನೂ ನೋಡಿದಳು. "ಅಪ್ಪಾ, ಅಪ್ಪೊ ನಾಂಗ ಉಂಗ ಆಫೀಸೈಯಾ ಸಾಪ್ಟೋಂ?" ಎಂದಳು. ಹಾಗಾದರೆ ನಾವು ತಿಂದದ್ದು ನಿಮ್ಮ ಆಫೀಸನ್ನೇ? ಅವಳು ತಮಾಷೆಗೆ ಕೇಳಿದಳೋ, ನಿಜಕ್ಕೂ ಕೇಳಿದಳೋ.

ಹೆಂಡತಿ ಜಗಳವಾಡಿದ್ದರೆ ಸಲೀಸಾಗಿರುತ್ತಿತ್ತು. ಸಂಜೆ ಕಾಫಿ ಕೊಡುವಾಗ ಒಂದೇ ಮಾತು ಹೇಳಿದಳು: "ನನ್ನ ಗಂಟಿಗೂ ಇದಕ್ಕೂ ಸಂಬಂಧ ಇದೆಯಾ ಅಂತ ನಾನು ಕೇಳಲ್ಲ. ನೀವೂ ಹೇಳಬೇಡಿ. ಆದ್ರೆ ಆಕೆಗೆ ಏನಾದ್ರೂ ದಾರಿ ಮಾಡಿ."

ದಾರಿ ಮಾಡಲು ಹೊರಟೆ. ಮುಂದಿನ ಗುರುವಾರ ಪೆಟ್ಟಿಗೆಯವರನ್ನು ಕೂರಿಸಿ ಕಾಫಿ ಕೊಟ್ಟು, ನಿಮ್ಮ ರೈತರ ಹೊಲದಲ್ಲಿ ಸೊಪ್ಪು ಬೆಳೆಯಲು ಗಟ್ಟಿಗಿತ್ತಿಯೊಬ್ಬಳಿದ್ದಾಳೆ, ಜಾಗ ಸಿಗುತ್ತದೆಯೇ ಎಂದು ಕೇಳಿದೆ. ಅವರು ವಿಚಾರಿಸಿದರು. ಒಬ್ಬ ರೈತ ಒಪ್ಪಿದ. ಅದನ್ನು ಹೇಳಲು ಹೋದಾಗ ಸೊಪ್ಪಿನವಳು ನನ್ನನ್ನು ಬೇರೆ ಗ್ರಹದವನಂತೆ ನೋಡಿದಳು.

"ದಿನಾ ಚೆಂಗಲ್ಪಟ್ಟಿಗೆ ಹೋಗಿ ಬಂದು ಯಾವಾಗ ಮಾರೋದು ಸಾರ್? ನನ್ನ ಗಂಡನಿಗೆ ಗಂಜಿ ಯಾರು ಕೊಡೋದು?" ಗಂಡ ಪಾರ್ಶ್ವವಾಯು ಬಡಿದು ಮಲಗಿದ್ದಾನೆಂದು ನನಗೆ ಗೊತ್ತಾದದ್ದು ಆಗಲೇ. ಅಷ್ಟು ವರ್ಷ ಸೊಪ್ಪು ಕೊಂಡು ನಾನು ಕೇಳದ ಎಷ್ಟೋ ಸಂಗತಿಗಳಿದ್ದವು.

ಆದರೆ ನಾನು ಹೇಳಿದ ಮೇಲೆ ಅವಳು ಒಂದು ಕೆಲಸ ಮಾಡಿದ್ದಳು. ಮಡಿಯ ಸೊಪ್ಪು ಮಾರುವುದನ್ನು ನಿಲ್ಲಿಸಿ, ಬೆಳಗಿನ ಮೊದಲ ಬಸ್ಸಿಗೆ ಕೋಯಂಬೇಡು ಮಾರ್ಕೆಟ್ಟಿಗೆ ಹೋಗಿ ಸೊಪ್ಪು ಕೊಂಡು ತಂದು ಮಾರತೊಡಗಿದ್ದಳು. ಗೋಣಿಚೀಲದ ಮೇಲಿದ್ದ ಕಟ್ಟುಗಳು ಒಂದೇ ಅಳತೆಯವು, ಎಲೆಗಳಲ್ಲಿ ಒಂದು ತೂತಿಲ್ಲ.

"ಇದು ಯಾರ ಮಣ್ಣಿನದು, ಯಾವ ಔಷಧಿ ಹೊಡೆದಿದ್ದಾರೆ, ನನಗೆ ಗೊತ್ತಿಲ್ಲ" ಎಂದಳು. "ಇದು ಪರವಾಯಿಲ್ಲವಾ, ಸಾರ್?"

ಪರೀಕ್ಷೆ ಮಾಡಿ ಹೇಳುತ್ತೇನೆ ಎನ್ನಲಾಗಲಿಲ್ಲ. ಎರಡು ಕಟ್ಟು ಕೊಂಡು ಮನೆಗೆ ಒಯ್ದೆ. ಹೆಂಡತಿ ಅದನ್ನು ಬೇಯಿಸಿದಳು.

ಅದೇ ವರ್ಷ ನಮ್ಮ ಕಾರ್ಖಾನೆ ಮುಚ್ಚಿ ಬೇರೆ ಊರಿಗೆ ಹೋಗುವುದೆಂದು ತೀರ್ಮಾನವಾಯಿತು. ನಗರ ಸುತ್ತ ಬೆಳೆದು ಬಂದಿತ್ತು, ಜಾಗಕ್ಕೆ ಫ್ಲ್ಯಾಟು ಕಟ್ಟುವವರ ಕಣ್ಣು ಬಿದ್ದಿತ್ತು. ಖಾಲಿ ಮಾಡುವಾಗ ಹಳೆಯ ತೊಟ್ಟಿಗಳ ಕೆಸರಿನ ಪ್ರಶ್ನೆ ಬಂತು. ಮ್ಯಾನೇಜರು ನನ್ನನ್ನು ಕರೆದು ಚೀಟಿಯ ಕಟ್ಟನ್ನು ಮುಂದಿಟ್ಟರು. ತಗ್ಗು ಜಾಗ ತುಂಬಿಸುವ ಕಂಟ್ರಾಕ್ಟರ್ ಒಬ್ಬ ಎಲ್ಲವನ್ನೂ ಒಯ್ಯುತ್ತಾನಂತೆ.

"ಎಲ್ಲಿಗೆ?" ಎಂದೆ.

"ಎಲ್ಲಿಯೋ. ವೇಲಚೇರಿ, ಪಳ್ಳಿಕರಣೆ ಕಡೆ ಇರಬೇಕು. ನಮಗೇಕೆ?"

ಮಳೆಗಾಲದಲ್ಲಿ ನಮ್ಮ ಬೀದಿಯಲ್ಲೇ ಮೊಣಕಾಲು ನೀರು ನಿಲ್ಲುತ್ತಿತ್ತು. ಸುತ್ತಮುತ್ತ ಹೊಸ ಮನೆ ಕಟ್ಟುವವರೆಲ್ಲ ಮೊದಲು ಲಾರಿಗಟ್ಟಲೆ ಮಣ್ಣು ಹೊಡೆಸುತ್ತಿದ್ದರು. ಪೆನ್ನು ತೆಗೆದು ಮೊದಲ ಚೀಟಿಯಲ್ಲಿ ಆ ಕೆಸರಿನಲ್ಲಿ ಏನಿದೆಯೆಂದು ಬರೆದೆ. ಅದರ ಕೆಳಗೆ, ಮನೆ, ತೋಟ, ಕೆರೆ, ಕಾಲುವೆಯ ಹತ್ತಿರ ಇದನ್ನು ಹಾಕಕೂಡದು ಎಂದು ಬರೆದು ಸಹಿ ಮಾಡಿದೆ. ಎರಡನೆಯದಕ್ಕೂ ಹಾಗೆಯೇ. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಮ್ಯಾನೇಜರು ಕಟ್ಟನ್ನು ಎಳೆದುಕೊಂಡರು.

"ಇಪ್ಪತ್ತು ವರ್ಷ ಇಲ್ಲದ ಶಾಸ್ತ್ರ ಈಗ ಯಾಕೆ? ಈ ಊರಿನ ಯಾವ ಮಣ್ಣು ತೆಗೆದು ಪರೀಕ್ಷೆ ಮಾಡಿದರೂ ನಿಮ್ಮ ನಳಿಗೆ ಕೆಂಪಾಗುತ್ತೆ" ಎಂದರು.

"ಆಗಬಹುದು ಸಾರ್. ಇದಕ್ಕೆ ಮಾತ್ರ ನಾನು ಹೀಗೇ ಬರೆಯೋದು."

ಧೈರ್ಯದಿಂದ ಮಾಡಿದೆ ಎನ್ನಲಾರೆ. ಎರಡು ತಿಂಗಳಲ್ಲಿ ಹೇಗೂ ಕೆಲಸ ಹೋಗುವುದಿತ್ತು.

ಲಾರಿಗಳು ಎರಡು ದಿನ ಗೇಟಿನ ಹೊರಗೆ ನಿಂತು ಖಾಲಿಯೇ ಹೋದವು. ಕೆಸರಿನ ಮೇಲೆ ಟಾರ್ಪಾಲು ಹೊದಿಸಿದರು. ನನ್ನ ಕೊನೆಯ ದಿನದವರೆಗೂ ಅದು ಅಲ್ಲೇ ಇತ್ತು. ಅಂಥದ್ದನ್ನೆಲ್ಲ ಹೂಳಲೆಂದೇ ಇರುವ ಜಾಗಕ್ಕೆ ಕ್ರಮವಾಗಿ ಸಾಗಿಸಿದೆವು ಎಂದು ಆಮೇಲೆ ಯಾರೋ ಹೇಳಿದರು. ನಾನು ಕಣ್ಣಾರೆ ಕಂಡದ್ದಲ್ಲ.

ಕಾಲುವೆಯಂಚಿನ ಮಡಿಗಳ ಸುತ್ತ ಕಟ್ಟಡದವರು ತಗಡಿನ ಬೇಲಿ ಹಾಕಿದರು. ಸೊಪ್ಪಿನವಳು ಸ್ಟೇಷನ್ ರಸ್ತೆಯಲ್ಲೇ ಮುಂದುವರಿದಳು. ಆರು ತಿಂಗಳ ನಂತರ ಕಂಡಾಗ ಸೊಪ್ಪಿನ ಜೊತೆ ನಿಂಬೆಹಣ್ಣು, ಹಸಿಮೆಣಸೂ ಇದ್ದವು. ಗಂಡ ತೀರಿಕೊಂಡಿದ್ದ. ಮಗನ ಕೈ ತುರಿ ಹಾಗೇ ಇದೆ, ಡಾಕ್ಟರು ಮುಲಾಮು ಕೊಟ್ಟಿದ್ದಾರೆ ಎಂದಳು. ನನ್ನ ಮೇಲೆ ಸಿಟ್ಟಿದೆಯೇ ಎಂದು ಕೇಳಬೇಕೆನಿಸಿತು. ನಾಲ್ಕು ನಿಂಬೆಹಣ್ಣು ಕೊಂಡು ಬಂದೆ.

ಪೆಟ್ಟಿಗೆಯೂ ಹೆಚ್ಚು ಕಾಲ ನಡೆಯಲಿಲ್ಲ. ಜನಕ್ಕೆ ಆಲೂಗೆಡ್ಡೆ, ಕ್ಯಾರೆಟ್ಟು ಬೇಕು, ನಮ್ಮ ರೈತರ ಹತ್ತಿರ ಬಾಳೆದಿಂಡು ಇದೆ ಎಂದು ಆ ಹೆಂಗಸು ನಕ್ಕು ಹೇಳುತ್ತಿದ್ದರು. ಮುಂದಿನ ಮಳೆಗಾಲದಲ್ಲಿ ವೇಲಚೇರಿಯ ಬೀದಿಗಳು ವಾರಗಟ್ಟಲೆ ಮುಳುಗಿದವು. ವ್ಯಾನು ಬರಲಾಗಲಿಲ್ಲ. ನೀರು ಇಳಿದ ಮೇಲೆ ಅವರ ಫೋನು ಬಂತು. ಇನ್ನು ನಡೆಸಲು ಆಗುತ್ತಿಲ್ಲ, ಕ್ಷಮಿಸಿ ಎಂದರು. ಹೆಂಡತಿ ಫೋನಿಟ್ಟು ಚೀಲ ತೆಗೆದುಕೊಂಡು ಮಾರ್ಕೆಟ್ಟಿಗೆ ಹೊರಟಳು. ಅವಳ ಚೆಕಪ್ಪುಗಳು ಒಂದಾದ ಮೇಲೊಂದು ಒಳ್ಳೆಯ ಸುದ್ದಿಯನ್ನೇ ಕೊಟ್ಟವು. ಅವಳು ಭಯವನ್ನು ಮೆಲ್ಲಗೆ ಎಲ್ಲೋ ಇಟ್ಟು ಮರೆತಂತೆ ಕಂಡಿತು.

ನಾನು ಒಂದು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವ ಕೆಲಸ ಹಿಡಿದೆ. ಸಂಜೆ ವಾಕಿಂಗಿಗೆ ಹೋಗುತ್ತೇನೆ ಎಂದು ಮನೆಯಿಂದ ಹೊರಡುತ್ತಿದ್ದೆ. ಆಗ ನಮ್ಮ ಬಡಾವಣೆಯಲ್ಲಿ ರೈಲು ನಿಲ್ದಾಣದ ಕಂಬಗಳು ಏಳುತ್ತಿದ್ದವು. ಅದರ ಸುತ್ತ ದಿನಕ್ಕೊಂದು ಹೊಸ ಕಟ್ಟಡಕ್ಕೆ ಪಾಯ ತೋಡುತ್ತಿದ್ದರು. ಲಾರಿಗಳು ಮಣ್ಣು ಸುರಿದು ಹೋಗುತ್ತಿದ್ದವು. ನಾನು ಒಂದೊಂದು ರಾಶಿಯ ಹತ್ತಿರವೂ ನಿಲ್ಲುತ್ತಿದ್ದೆ. ಕೆಂಪು ಮಣ್ಣಾದರೆ ಮುಂದೆ ನಡೆಯುತ್ತಿದ್ದೆ. ಕಪ್ಪಗಿದ್ದರೆ ಬಗ್ಗಿ ಒಂದು ಹಿಡಿ ತೆಗೆದು, ಇಳಿಬಿಸಿಲಿಗೆ ಹಿಡಿದು ಆ ಬೂದು ಹಸಿರು ಛಾಯೆ ಇದೆಯೇ ಎಂದು ನೋಡುತ್ತಿದ್ದೆ.

ಒಂದು ಸಂಜೆ ಅಲ್ಲಿನ ಕಾವಲುಗಾರ ಬೀಡಿ ಆರಿಸಿ ಹತ್ತಿರ ಬಂದ. "ಏನು ಸಾರ್, ಏನಾದರೂ ಕಳೆದುಕೊಂಡಿರಾ?" ಎಂದು ಕೇಳಿದ.

"ಈ ಮಣ್ಣು ಎಲ್ಲಿಂದ ಬರುತ್ತೆ?" ಎಂದೆ.

ಅವನು ಲಾರಿ ಬಂದ ದಿಕ್ಕಿಗೆ ಸುಮ್ಮನೆ ಕೈ ತೋರಿಸಿದ. ಇನ್ನೊಂದು ಲಾರಿ ಹಿಂದಕ್ಕೆ ಬರುತ್ತಿತ್ತು. ಅವನು ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದ. ಲಾರಿ ಮಣ್ಣು ಸುರಿಯುವವರೆಗೂ ನಾನು ಅಲ್ಲೇ ನಿಂತಿದ್ದೆ.